ಗಂಗಾವತಿಯಲ್ಲಿ ಒಬ್ಬರೇ ಇದ್ದೀರಾ?

ಕೋಳಿ ಫಾರಂ ಪಂಜರದ ಬಗ್ಗೆ ಮಾತಾಡಿದರೆ ಗಂಗಾವತಿಯಲ್ಲಿ ಎಲ್ಲರೂ ನಗುತ್ತಾರೆ, ಜೊತೆಗೆ ನಿಲ್ಲುವವರು ಎಲ್ಲಿ ಸಿಗುತ್ತಾರೆ ಅಂತ ಕೇಳಿದ್ದೀರಿ. ನಾನು ಸಿಂಧನೂರಿನವನು, ಎರಡು ವರ್ಷ ನನ್ನದೂ ಇದೇ ಗೋಳು. "ನಿನಗ್ಯಾಕಪ್ಪ ಕೋಳಿ ಉಸಾಬರಿ" ಅಂತ ಅಮ್ಮನೇ ಅಂದಿದ್ದರು.

ಹೈವ್ ಅಂತ ಒಂದು ಬಳಗ ಇದೆ. ಹಾಲು, ಮೊಟ್ಟೆ, ಮಾಂಸಕ್ಕೆ ಸಾಕುವ ಪ್ರಾಣಿಗಳ ಪರ ಕೆಲಸ ಮಾಡುವವರು ಬೇರೆ ಬೇರೆ ದೇಶಗಳಿಂದ ಅಲ್ಲಿ ಸ್ಲ್ಯಾಕ್ ಅನ್ನೋ ಚಾಟ್ ಆ್ಯಪ್‌ನಲ್ಲಿ ಸೇರುತ್ತಾರೆ, ದುಡ್ಡು ಕೊಡಬೇಕಿಲ್ಲ. ಸೇರಿದ ಮೇಲೆ ಸುಮ್ನೆ ಓದುತ್ತಾ ಕೂರಬೇಡಿ, ನಾನು ಮೂರು ತಿಂಗಳು ಹಾಗೇ ಹಾಳು ಮಾಡಿಕೊಂಡೆ. ಪರಿಚಯದಲ್ಲಿ ಊರು, ಕಣ್ಣಾರೆ ಕಂಡದ್ದು, ಬೇಕಾದ ಸಹಾಯ, ಇಷ್ಟು ಬರೆಯಿರಿ. ನಾನು ಬರೆದದ್ದು ಒಂದೇ ಸಂಗತಿ: ತಂತಿ ಪಂಜರದಲ್ಲಿ ಒಂದು ಕೋಳಿಗೆ ಎ4 ಹಾಳೆಯಷ್ಟೂ ಜಾಗ ಇರಲಿಲ್ಲ, ಉಗುರು ಬೆಳೆದು ತಂತಿಗೇ ಸುತ್ತಿಕೊಂಡಿತ್ತು. ಅದಕ್ಕೇ ಉತ್ತರ ಬಂತು. ಇಂಗ್ಲಿಷ್ ತಪ್ಪಾದರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮ ದೇಶದ ಸಂಗತಿಗಳಿಗೆ ಫಿಯಾಪೋ ನೋಡಿ, ಅದು ಇಲ್ಲಿನ ಪ್ರಾಣಿ ರಕ್ಷಣಾ ಸಂಸ್ಥೆಗಳದ್ದೇ ಒಕ್ಕೂಟ. ಸುಮ್ನೆ ದೂರು ಕೊಡಲು ಓಡಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಮಿರ್ಚಿ ಬಜ್ಜಿ ದುಡ್ಡು ಅಲ್ವಾ! ಫಾರಂ ಮಾಲೀಕರ ಜೊತೆ ಹೇಗೆ ಮಾತಾಡಬೇಕು ಅಂತ ಈ ಬಳಗದ ಹಳಬರನ್ನೇ ಮೊದಲು ಕೇಳಿ.