‘ನನ್ನ ಮಗ ಅಂಥವನಲ್ಲ’ ಎನ್ನುವ ಅಮ್ಮನ ಜತೆ ವಾದ ಬೇಡ

ಎಲ್ಲಾದರೂ ಬಾಂಬ್ ಸಿಡಿದರೆ ಸಾಕು, ‘ಹೆತ್ತವರಿಗೆ ಗೊತ್ತೇ ಇರಲಿಲ್ಲವೇ?’ ಎಂಬ ಪತ್ರಗಳು ಶುರು. ಇದನ್ನು ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಬೈಯಲು ಇನ್ನಿಬ್ಬರು ಬೇಕಾಗಿರುತ್ತಾರೆ. ಗೊತ್ತಾದ ಅಪ್ಪಂದಿರೂ ಇದ್ದಾರೆ. ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್‌ನ ತಂದೆ 2009ರ ನವೆಂಬರ್‌ನಲ್ಲೇ ನೈಜೀರಿಯಾದ ಅಮೆರಿಕ ರಾಯಭಾರ ಕಚೇರಿಗೆ ಹೋಗಿ ಮಗನ ಬಗ್ಗೆ ಎಚ್ಚರಿಸಿದ್ದರು. ಆದರೂ ಕ್ರಿಸ್‌ಮಸ್ ದಿನ ಅವನು ಒಳಉಡುಪಿನಲ್ಲಿ ಸ್ಫೋಟಕ ಇಟ್ಟುಕೊಂಡು ಡೆಟ್ರಾಯಿಟ್ ವಿಮಾನ ಹತ್ತಿದ್ದ. ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ.

ಪ್ರಶ್ನೆ: ಸ್ಫೋಟ ಪ್ರಕರಣದಲ್ಲಿ ತಮ್ಮನಿಗೆ ಶಿಕ್ಷೆಯಾಗಿದೆ. ಮೇಲ್ಮನವಿಯೂ ವಜಾ ಆಗಿದೆ. ನನ್ನೆದುರು ಅವನೇ ತಪ್ಪೊಪ್ಪಿಕೊಂಡಿದ್ದಾನೆ. ಅಮ್ಮ ಮಾತ್ರ ‘ಸಿಕ್ಕಿಸಿಹಾಕಿದ್ದಾರೆ’ ಎನ್ನುತ್ತಾರೆ. ತೀರ್ಪನ್ನು ಮುಂದೆ ಕೂತು ಓದಿ ಅವರ ಭ್ರಮೆ ಬಿಡಿಸಲೇ?

ಬೇಡ. ಓದಿದರೂ ಅವರು ಕೇಳಿಸಿಕೊಳ್ಳುವುದು ಅದರಲ್ಲಿರುವ ಒಂದು ಕಾಗುಣಿತ ತಪ್ಪನ್ನು ಮಾತ್ರ. ನನ್ನಲ್ಲಿಗೆ ಬಂದಿದ್ದ ಒಬ್ಬ ತಾಯಿ ಸಿಸಿಟಿವಿ ದೃಶ್ಯ ನೋಡಿ ಹಿಡಿದ ಪಟ್ಟು ಒಂದೇ: ‘ಆ ಶರ್ಟ್ ಅವನದಲ್ಲ, ಅವನ ಬಟ್ಟೆಯೆಲ್ಲ ನಾನೇ ತರುವುದು.’ ಮುಖದ ಬಗ್ಗೆ ಮಾತೇ ಇಲ್ಲ. ಮಗನ ವಿಚಾರದಲ್ಲಿ ತನಗೆ ಖಂಡಿತ ಗೊತ್ತು ಎನ್ನಲು ಆಕೆಗೆ ಉಳಿದಿದ್ದು ಆ ಶರ್ಟ್ ಒಂದೇ. ಅದನ್ನೂ ಕಿತ್ತುಕೊಂಡು ನೀವು ಸಾಧಿಸುವುದೇನು?

ಅಮ್ಮ ಯಾವುದನ್ನು ಅಲ್ಲಗಳೆಯುತ್ತಿದ್ದಾರೆ ಎಂಬುದನ್ನು ಮೊದಲು ಗಮನಿಸಿ. ‘ಅವನಲ್ಲವೇ ಅಲ್ಲ’ ಎನ್ನುವುದು ಒಂದು ಬಗೆ. ಅಮೆರಿಕದ ಮೇಲಿನ ಸೆಪ್ಟೆಂಬರ್ 11ರ ದಾಳಿಯ ನಂತರ, ವಿಮಾನ ಅಪಹರಿಸಿದವರಲ್ಲೊಬ್ಬನಾದ ಮೊಹಮ್ಮದ್ ಅಟ್ಟಾನ ತಂದೆ ಕೈರೋದಲ್ಲಿ ಹೇಳಿದ್ದು ಇದನ್ನೇ. ‘ಅವನೇ, ಆದರೆ ಯಾರೋ ತಲೆ ಕೆಡಿಸಿದರು’ ಎನ್ನುವುದು ಇನ್ನೊಂದು. ಬಿನ್ ಲಾದೆನ್‌ನ ತಾಯಿ 2018ರಲ್ಲೂ ಮಗನನ್ನು ದೂರದೆ ಅವನ ಸುತ್ತ ಸೇರಿದವರನ್ನೇ ದೂರಿದರು. ಇವೆರಡೂ ಸಂಕಟದ ಮಾತುಗಳು, ಇರಲಿ ಬಿಡಿ. ‘ಸತ್ತವರೇನು ಸಾಚಾಗಳೇ?’ ಎಂಬ ಮಾತು ಬಂತೋ, ಅಲ್ಲಿ ಸುಮ್ಮನಿರಬೇಡಿ. ‘ಅಮ್ಮ, ಈ ಮಾತು ನನ್ನೆದುರು ಬೇಡ’ ಎಂದು ಹೇಳಿ ಎದ್ದು ಹೋಗಿ. ಅದು ದುಃಖವಲ್ಲ, ಕೊಲೆಗೆ ಸಮರ್ಥನೆ. ಮನೆಯ ಚಿಕ್ಕವರ ಕಿವಿಗೆ ಬೀಳುವುದು ಅದೇ.

ಅವರನ್ನು ಕ್ಯಾಮೆರಾದ ಮುಂದೆ ಮಾತ್ರ ಕೂರಿಸಬೇಡಿ. ಮನೆಯೊಳಗೆ ಆಡಿದ ಮಾತನ್ನು ನಾಲ್ಕು ವರ್ಷದಲ್ಲಿ ಮರೆತಂತೆ ಬಿಡಬಹುದು. ಊರಿಗೆಲ್ಲ ಕೇಳುವಂತೆ ಆಡಿದ್ದನ್ನು ಸಾಯುವವರೆಗೆ ಸಮರ್ಥಿಸಿಕೊಳ್ಳಬೇಕಾಗುತ್ತದೆ. 2013ರ ಬಾಸ್ಟನ್ ಸ್ಫೋಟದ ನಂತರ ಬಾಂಬ್ ಇಟ್ಟ ಸಾರ್ನಾಯೆವ್ ಸಹೋದರರ ತಾಯಿ ರಷ್ಯಾದ ದಾಗೆಸ್ತಾನದಲ್ಲಿ ಪತ್ರಕರ್ತರೆದುರು ‘ಇದು ಸಂಚು’ ಎಂದೇ ಸಾಧಿಸಿದರು. ಅದೇ ಹುಡುಗರ ಚಿಕ್ಕಪ್ಪ ಅಮೆರಿಕದಲ್ಲಿ ತಮ್ಮ ಮನೆಯ ಮುಂದೆ ನಿಂತು ಆ ಹುಡುಗರನ್ನು ಬಹಿರಂಗವಾಗಿ ಖಂಡಿಸಿದರು. ಒಂದೇ ಕುಟುಂಬ, ಒಂದೇ ಸುದ್ದಿ. ನಿಮ್ಮ ಮನೆಯಲ್ಲೂ ನೀವೊಂದು ದಡ, ಅಮ್ಮ ಇನ್ನೊಂದು ದಡ ಆಗಿದ್ದರೆ ಅದರಲ್ಲಿ ವಿಚಿತ್ರವೇನಿಲ್ಲ.

ತಪ್ಪನ್ನು ಒಪ್ಪಿಕೊಂಡರೆ ಮಗನನ್ನು ಬಿಟ್ಟುಕೊಟ್ಟಂತೆ ಎಂಬ ಹೆದರಿಕೆ ಅವರಿಗಿದೆ. ಹಾಗೇನಿಲ್ಲ. ಅಮೆರಿಕದಲ್ಲಿ ಬಾಂಬ್‌ಗಳಿಂದ ಮೂವರನ್ನು ಕೊಂದ ಟೆಡ್ ಕಾಜಿನ್‌ಸ್ಕಿಯ ಸುಳಿವು ಕೊಟ್ಟಿದ್ದು ಅವನ ತಮ್ಮ ಡೇವಿಡ್. ಬಾಂಬ್ ಹಾಕುವವನದೆಂದು ಪತ್ರಿಕೆಯಲ್ಲಿ ಬಂದ ಪ್ರಣಾಳಿಕೆಯ ಬರವಣಿಗೆ ಅಣ್ಣನದೇ ಎಂದು ಅವರಿಗೆ ಅನಿಸಿತ್ತು. 1996ರಲ್ಲಿ ಟೆಡ್ ಸಿಕ್ಕಿಬಿದ್ದ. ಅದೇ ಡೇವಿಡ್ ಅಣ್ಣನನ್ನು ಗಲ್ಲಿಗೇರಿಸಬೇಡಿ ಎಂದು ಹೋರಾಡಿದರು, ತಾಯಿಯೊಂದಿಗೆ ನ್ಯಾಯಾಲಯದಲ್ಲಿ ಕೂತರು. ಟೆಡ್ ತಿರುಗಿಯೂ ನೋಡಲಿಲ್ಲ. ಡೇವಿಡ್ ವರ್ಷಗಟ್ಟಲೆ ಪತ್ರ ಬರೆದರೂ ಉತ್ತರ ಬರಲಿಲ್ಲ. ನೀವು ತಮ್ಮನನ್ನು ನೋಡಲು ಜೈಲಿಗೆ ಹೋಗುವುದನ್ನು ನಿಲ್ಲಿಸಬೇಡಿ. ಮಾಡಿದ್ದನ್ನು ಒಪ್ಪಿಯೂ ಅವನ ಅಕ್ಕನಾಗಿರಬಹುದು ಎನ್ನುವುದನ್ನು ಅಮ್ಮ ವಾದದಿಂದಲ್ಲ, ನಿಮ್ಮನ್ನು ನೋಡಿ ತಿಳಿಯಬೇಕು.

ಇದೆಲ್ಲ ತಪ್ಪೊಪ್ಪಿಗೆ, ತೀರ್ಪು ಎರಡೂ ಇರುವ ನಿಮ್ಮಂಥವರಿಗೆ. ವಿಚಾರಣೆ ಇನ್ನೂ ನಡೆಯುತ್ತಿರುವವರ ಮನೆಮಂದಿಯ ಅಪನಂಬಿಕೆಗೆ ‘ಡಿನೈಯಲ್’ (ಸತ್ಯ ಒಪ್ಪದ ಮನಸ್ಸು) ಎಂದು ಹಣೆಪಟ್ಟಿ ಅಂಟಿಸುವ ಟಿವಿ ತಜ್ಞರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತೀರ್ಪೇ ತಪ್ಪಾಗುವುದೂ ಉಂಟು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಪಬ್ ಸ್ಫೋಟದಲ್ಲಿ 1975ರಲ್ಲಿ ಶಿಕ್ಷೆಯಾದ ಆರು ಜನರನ್ನು 1991ರಲ್ಲಿ ಬಿಡಬೇಕಾಯಿತು. ಅವರು ನಿರಪರಾಧಿಗಳು ಎಂದವರದು ಭ್ರಮೆಯಾಗಿರಲಿಲ್ಲ.

ಪ್ರಶ್ನೆ: ಹಿಪ್ನಾಟಿಸಂನಿಂದ ಹತ್ತೇ ಸಿಟ್ಟಿಂಗ್‌ನಲ್ಲಿ ‘ಬ್ರೈನ್‌ವಾಶ್’ ತೆಗೆಯುತ್ತಾರಂತೆ, ಅಣ್ಣನ ಮಗನನ್ನು ಕರೆದೊಯ್ಯಲೇ?

ಮೆದುಳೇನು ಕೊಳೆಯಾದ ಪಾತ್ರೆಯೇ? ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: ಈ ಉಗ್ರವಾದ ರಕ್ತದಲ್ಲೇ ಬರುತ್ತದೆಯೇ?

ಇಲ್ಲ.

ಪ್ರಶ್ನೆ: ಜೈಲಿನಲ್ಲಿರುವ ಮಾವನ ಬಗ್ಗೆ ಒಂಬತ್ತು ವರ್ಷದ ಮಗಳಿಗೆ ಏನು ಹೇಳಲಿ? ‘ವಿದೇಶದಲ್ಲಿದ್ದಾನೆ’ ಎಂದಿದ್ದೇವೆ.

ಸಹಪಾಠಿ ಹೇಳುವ ಮೊದಲು ನೀವೇ ಹೇಳಿ. ‘ಮಾವ ಜನರನ್ನು ಸಾಯಿಸುವ ಕೆಲಸದಲ್ಲಿ ಸೇರಿದ್ದ, ಅದಕ್ಕೆ ಜೈಲಿನಲ್ಲಿದ್ದಾನೆ, ನಿನ್ನದೇನೂ ತಪ್ಪಿಲ್ಲ’ ಎಂದರೆ ಸಾಕು. ಬಾಂಬಿನ ವಿವರ ಬೇಡ. ಆಮೇಲೆ ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ತರಗತಿಯ ಶಿಕ್ಷಕಿಗೂ ಒಂದು ಮಾತು ತಿಳಿಸಿಡಿ.