ಪಾರ್ಕಿನ ಗೇಟಿಗೆ ಬೀಗ ಬೇಕಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪಾರ್ಕುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತುಂಬಾ ಸಂತೋಷವಾಯಿತು. ಹೊಸಬರಿಗೆ ನನ್ನ ಪರಿಚಯ ಇಷ್ಟು: ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ದಕ್ಷಿಣ ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಮುಕ್ಕಾಲು ಎಕರೆ ಪಾರ್ಕನ್ನು ಅಕ್ಕಪಕ್ಕದವರ ಜೊತೆ ಸೇರಿ 2009ರಿಂದ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಕಂಡದ್ದನ್ನು, ಕಲಿತದ್ದನ್ನು ಹೇಳುತ್ತೇನೆ.

ಪ್ರಶ್ನೆ: ನಮ್ಮ ಪಾರ್ಕಿಗೆ ಮಧ್ಯಾಹ್ನದ ಹೊತ್ತು ಯಾರ್ಯಾರೋ ಬಂದು ಮಲಗುತ್ತಾರೆ. ಹುಡುಗ ಹುಡುಗಿಯರು ಬಂದು ಕೂರುತ್ತಾರೆ. 10 ಗಂಟೆಯಿಂದ 4ರವರೆಗೆ ಬೀಗ ಹಾಕೋಣ ಎಂದು ಸಂಘದಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನಾನು ಕಾರ್ಯದರ್ಶಿ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ? – ದಾವಣಗೆರೆಯ ಓದುಗರು

ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ ಸರ್. ಬೀಗ ಹಾಕಬೇಡಿ.

ನಾವು ಹಾಕಿದ್ದೆವು. 2011ರಲ್ಲಿ. ಆ ಸಭೆಯಲ್ಲಿ ಹೌದು ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ನೀವು ಬರೆದಿರುವ ಕಾರಣಗಳೇ ನಮ್ಮವೂ ಆಗಿದ್ದವು. ಬೀಗ ಬಿದ್ದ ಮೇಲೆ ಪಾರ್ಕು ಬಹಳ ಚೊಕ್ಕವಾಗಿ ಕಾಣುತ್ತಿತ್ತು, ನಮಗೆಲ್ಲ ಸಮಾಧಾನವಾಗಿತ್ತು.

ಒಂದು ಏಪ್ರಿಲ್ ಮಧ್ಯಾಹ್ನ ಬ್ಯಾಂಕಿಗೆ ಹೋಗಿ ನಡೆದು ಬರುತ್ತಿದ್ದೆ. ಪಾರ್ಕಿನ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ, ನಮ್ಮ ಬೀದಿ ಗುಡಿಸುವ ಇಬ್ಬರು ಪೌರಕಾರ್ಮಿಕ ಹೆಂಗಸರು ಊಟಕ್ಕೆ ಕೂತಿದ್ದರು. ಸ್ಟೀಲ್ ಡಬ್ಬಿಯಲ್ಲಿ ಮುದ್ದೆ, ಮುಚ್ಚಳದಲ್ಲಿ ಸೊಪ್ಪಿನ ಸಾರು. ಒಬ್ಬರು ತಲೆ ಮೇಲೆ ಸೆರಗು ಎಳೆದುಕೊಂಡು, ಗೇಟಿನ ಕಂಬದ ಗೇಣಗಲ ನೆರಳಿಗೆ ಬೆನ್ನು ಒತ್ತಿ ಕೂತಿದ್ದರು. ಕಂಬಿಯ ಆಚೆ, ಹತ್ತು ಹೆಜ್ಜೆ ದೂರದಲ್ಲಿ ನಮ್ಮ ದೊಡ್ಡ ಹೊಂಗೆ ಮರ. ಯುಗಾದಿ ಕಳೆದು ಹೊಸ ಎಲೆ ಮಿರಮಿರ ಅನ್ನುತ್ತಿತ್ತು. ಅದರ ಕೆಳಗೆ ನಾಲ್ಕು ಬೆಂಚು, ನಾಲ್ಕೂ ಖಾಲಿ. "ಒಳಗೆ ನಲ್ಲಿ ಇತ್ತು ಮೇಡಂ, ಕೈ ತೊಳ್ಕೊಳ್ಳೋಕೆ ಅನುಕೂಲ ಆಗ್ತಿತ್ತು" ಎಂದರು ಆಕೆ. ದೂರಲಿಲ್ಲ. ಸುಮ್ನೆ ಇದ್ದದ್ದು ಹೇಳಿದರು. ಆ ಕಾಲುದಾರಿಯನ್ನು ದಿನಾ ಗುಡಿಸುವವರು ಅವರೇ. ನನಗೆ ಆ ದಿನ ಊಟ ಸೇರಲಿಲ್ಲ.

ಬೀಗ ಹಾಕಲು ಒಂದು ಸಭೆ ಸಾಕಾಗಿತ್ತು. ತೆಗೆಸಲು ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳು ನಾನು ಸುಮ್ಮನೆ ಕೂರಲಿಲ್ಲ. ಮಧ್ಯಾಹ್ನ ಅಲ್ಲಿಗೆ ಬರುತ್ತಿದ್ದವರು ಯಾರು ಎಂದು ಒಬ್ಬೊಬ್ಬರನ್ನೇ ವಿಚಾರಿಸಿದೆ. ಬೆಂಚಿನ ಮೇಲೆ ಮಲಗುತ್ತಿದ್ದವರು ಪಕ್ಕದ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ವಾಚ್‌ಮನ್. ತಗಡಿನ ಶೀಟಿನ ಕೋಣೆಯಲ್ಲಿ ಹಗಲು ನಿದ್ದೆ ಬರುವುದಿಲ್ಲವಂತೆ. ಎರಡು ಮನೆಗಳ ಕೆಲಸದ ನಡುವೆ ಒಂದು ಗಂಟೆ ಬಿಡುವು ಸಿಗುವ ಹೆಂಗಸರು ಇದ್ದರು. ಪಿಯುಸಿ ಪರೀಕ್ಷೆಗೆ ಓದುವ ಹುಡುಗ ಒಬ್ಬನಿದ್ದ. ಮನೆಯಲ್ಲಿ ಒಂದೇ ಕೋಣೆ, ಆರು ಜನ. ಇನ್ನು ಜೋಡಿಗಳು. ಇಬ್ಬರು ಬೆಂಚಿನ ಮೇಲೆ ಕೂತು ಮಾತಾಡಿದರೆ ನಮಗೇನು ಕಷ್ಟ ಹೇಳಿ? ಇವರೆಲ್ಲ ಬೆಳಿಗ್ಗೆ 6ಕ್ಕೆ ವಾಕಿಂಗ್ ಬರಲು ಆಗದವರು. ಆ ಹೊತ್ತಿಗೆ ಅವರ ಕೆಲಸ ಶುರುವಾಗಿರುತ್ತದೆ. ಬೆಳಿಗ್ಗೆ, ಸಂಜೆ ಮಾತ್ರ ತೆರೆದಿಟ್ಟರೆ ಪಾರ್ಕು ವಾಕಿಂಗ್ ಮಾಡುವವರದ್ದು ಮಾತ್ರ ಆಗುತ್ತದೆ.

ತೊಂದರೆ ಕೊಡುವವರು ಇಲ್ಲವೇ ಇಲ್ಲ ಎನ್ನುವುದಿಲ್ಲ. ನಮ್ಮಲ್ಲೂ ಮೂಲೆಯಲ್ಲಿ ಕುಡಿದು ಬಾಟಲಿ ಒಡೆಯುತ್ತಿದ್ದರು. ಅದಕ್ಕೆ ನಾವು ಮಾಡಿದ್ದು ಇಷ್ಟೇ. ರಸ್ತೆ ಬದಿಯ ಗಿಡದ ಬೇಲಿ ಎದೆಮಟ್ಟ ಬೆಳೆದಿತ್ತು, ಒಳಗೆ ಏನಾದರೂ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಅದನ್ನು ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿದೆವು. ಕೆಟ್ಟಿದ್ದ ಎರಡು ದೀಪ ರಿಪೇರಿ ಮಾಡಿಸಿದೆವು. ಮಧ್ಯಾಹ್ನ ಪಾರ್ಕಿನಲ್ಲಿ ಪೇಪರ್ ಓದುವ ಮೂವರು ಹಿರಿಯರು ತಮ್ಮ ಜಾಗವನ್ನು ಆ ಮೂಲೆಗೆ ಬದಲಾಯಿಸಿಕೊಂಡರು. ಜನ ಇರುವ ಕಡೆ ಕುಡಿಯುವವರು ಬರಲಿಲ್ಲ. ಖಾಲಿ ಪಾರ್ಕಿಗೇ ಅಪಾಯ ಜಾಸ್ತಿ, ಇದು ನಾನು ಕಣ್ಣಾರೆ ಕಂಡದ್ದು.

ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದು ತೀರ್ಮಾನವಾಯಿತು. ಇದನ್ನು ನಿಮ್ಮ ಸಭೆಯಲ್ಲಿ ಹೇಳಿ. ಮುಖ್ಯವಾಗಿ, ಬೀಗದ ಪರ ಮಾತಾಡುವವರನ್ನು ಒಂದು ಮಧ್ಯಾಹ್ನ 2 ಗಂಟೆಗೆ ಪಾರ್ಕಿಗೆ ಕರೆದುಕೊಂಡು ಹೋಗಿ. ಬೆಂಚಿನ ಮೇಲೆ ಇರುವವರನ್ನು ಹೆಸರು ಕೇಳಿ ಮಾತಾಡಿಸಲಿ. ಸಭೆ ಆಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಪಾರ್ಕಿನ ಮಾಲಿ ದಿನಾ ಬೆಳಿಗ್ಗೆ ತರಗೆಲೆಗೆ ಬೆಂಕಿ ಹಚ್ಚುತ್ತಾರೆ. ಮನೆಯಲ್ಲಿ ಅತ್ತೆಗೆ ಉಬ್ಬಸ. ಎಷ್ಟು ಸಲ ಜಗಳ ಮಾಡಿದರೂ ಕೇಳುವುದಿಲ್ಲ. – ಮೈಸೂರಿನ ಓದುಗರು

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಬಯಲಿನಲ್ಲಿ ಕಸ ಸುಡಬಾರದು ಎಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳುತ್ತವೆ. ಆದರೂ ಜಗಳಕ್ಕೆ ಹೋಗುವ ಮೊದಲು ಆ ಮಾಲಿಯನ್ನು ಒಂದು ಮಾತು ಕೇಳಿ ನೋಡಮ್ಮ: ಸುಡದಿದ್ದರೆ ಇದನ್ನು ಎಲ್ಲಿ ಹಾಕುತ್ತೀರಿ ಅಂತ. ನಮ್ಮಲ್ಲಿ ಕೇಳಿದಾಗ ಗೊತ್ತಾಯಿತು, ಕಸದ ಆಟೋ ತರಗೆಲೆ ತೆಗೆದುಕೊಳ್ಳುತ್ತಿರಲಿಲ್ಲ. ಗುತ್ತಿಗೆದಾರರಿಗೆ 9 ಗಂಟೆಯೊಳಗೆ ಪಾರ್ಕು ಚೊಕ್ಕ ಕಾಣಬೇಕಿತ್ತು. ಮಾಲಿಗೆ ಬೆಂಕಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಎರಡು ತಿಂಗಳಿಂದ ಅವರಿಗೆ ಸಂಬಳ ಬಂದಿಲ್ಲ ಎನ್ನುವುದೂ ಅವತ್ತೇ ನಮಗೆ ಗೊತ್ತಾದದ್ದು. ಅದುವರೆಗೆ ನಾವು ಅವರ ಹತ್ತಿರ ಮಾತಾಡಿದ್ದೆಲ್ಲ ಬರೀ ಹೊಗೆಯ ವಿಚಾರ.

ಈಗ ತರಗೆಲೆಯನ್ನು ಸುಡುವ ಬದಲು ಗೊಬ್ಬರ ಮಾಡುವ ಕೆಲಸ ಹೇಳುತ್ತೇನೆ. ಇದು ಯಾರು ಬೇಕಾದರೂ ಮಾಡಬಹುದು.

ಕಬ್ಬಿಣದ ಜಾಲರಿ ತಂದು ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಗೂಡು ಮಾಡಿಸಿ. ತಳ ಬೇಡ, ನೆಲದ ಮೇಲೆಯೇ ಇಡಿ, ಎರೆಹುಳು ತಾನಾಗಿ ಹತ್ತುತ್ತದೆ. ಕೆಳಗೆ ಒಂದು ಗೇಣು ಕಡ್ಡಿ ಕಸ. ಅದರ ಮೇಲೆ ತರಗೆಲೆ ಹಾಕಿ ಕಾಲಿನಿಂದ ಸ್ವಲ್ಪ ತುಳಿಯಿರಿ. ಪ್ರತಿ ಒಂದಡಿಗೆ ಒಂದು ಪದರ ಹಸಿ ಹುಲ್ಲು, ಒಂದು ಬಕೆಟ್ ಸೆಗಣಿ ಬಗ್ಗಡ. ಸೆಗಣಿ ಸಿಗದಿದ್ದರೆ ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಚಿಮುಕಿಸಿ. ಬರೀ ಒಣ ಎಲೆ ಹಾಕಿಟ್ಟರೆ ವರ್ಷವಾದರೂ ಹಾಗೇ ಇರುತ್ತದೆ, ಅದರಲ್ಲಿ ಸಾರಜನಕ ಕಡಿಮೆ. ಹಸಿರು, ಸೆಗಣಿ ಸೇರಿದರೆ ಅದು ಸರಿಹೋಗುತ್ತದೆ. ತೇವ ಎಷ್ಟಿರಬೇಕು ಅಂದರೆ, ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೂರು ವಾರಕ್ಕೊಮ್ಮೆ ತಿರುವಿಹಾಕಿ. ಹೊಂಗೆ ಎಲೆ ಬೇಗ ಕರಗುತ್ತದೆ. ಮಾವು, ಆಲದ ದಪ್ಪ ಎಲೆಗೆ ಸಮಯ ಬೇಕು.

ಮೊದಲ ಸಲ ತಿರುವಿದ ದಿನ ನಮ್ಮ ಮಾಲಿಯಣ್ಣ ಗೂಡಿನೊಳಗೆ ಗುದ್ದಲಿ ಇಟ್ಟು ಎತ್ತಿದರು. ಒಳಗಿನಿಂದ ಹಬೆ ಎದ್ದಿತು. ಬೆಂಕಿ ಹೊತ್ತಿಕೊಂಡಿತು ಅಂತ ಅವರು ಹಿಂದೆ ಸರಿದರು. ನಾನು ಕೈ ಹಾಕಿ ತೋರಿಸಿದೆ. ಕಾದ ಸ್ನಾನದ ನೀರಿನಷ್ಟು ಬಿಸಿ. ಕೊಳೆತ ನಾತ ಇಲ್ಲ, ಮೊದಲ ಮಳೆ ಬಿದ್ದ ಹೊಲದ ವಾಸನೆ. ನಾಲ್ಕು ತಿಂಗಳಿಗೆ ಗೂಡಿನ ಎತ್ತರ ಮೊಣಕಾಲಿಗೆ ಇಳಿದಿತ್ತು. ಜರಡಿ ಹಿಡಿದರೆ ಕಾಫಿಪುಡಿ ಹಾಗೆ ಉದುರಿತು. ಮೊದಲ ಚೀಲವನ್ನು ಮಾಲಿಯಣ್ಣ ತಮ್ಮ ಮನೆ ಮುಂದಿನ ಮಲ್ಲಿಗೆಗೆ ಒಯ್ದರು, ನಾವೇ ಹೇಳಿ ಕೊಟ್ಟದ್ದು. ಅವತ್ತಿನಿಂದ ನಮ್ಮ ಪಾರ್ಕಿನಲ್ಲಿ ಒಂದು ಕಡ್ಡಿ ಗೀರಿಲ್ಲ.

ನಿಮ್ಮ ಅತ್ತೆಯವರಿಗೆ ಬೇಗ ಗುಣವಾಗಲಿ.

ಪ್ರಶ್ನೆ: ಲೇಔಟ್ ಮಾಡಿದಾಗ ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಈಗ ಯಾರೋ ಶೆಡ್ಡು ಕಟ್ಟುತ್ತಿದ್ದಾರೆ. ಕೇಳಿದರೆ ಅಲಾಟ್ ಆಗಿದೆ ಅನ್ನುತ್ತಾರೆ. ನಮ್ಮಂಥ ಸಾಮಾನ್ಯರು ಏನು ಮಾಡಲು ಸಾಧ್ಯ? – ತುಮಕೂರಿನ ಓದುಗರು

ಮಾಡಲು ಖಂಡಿತ ಸಾಧ್ಯ. ಮೊದಲು ಕಾಗದ ಕೈಗೆ ಬರಲಿ. ನಿಮ್ಮ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಮಂಜೂರಾದ ಲೇಔಟ್ ನಕ್ಷೆ ಮತ್ತು ಆ ಜಾಗದ ಹಂಚಿಕೆಗೆ ಸಂಬಂಧಿಸಿದ ಆದೇಶ, ಎರಡರ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟರಲ್ಲಿ ಶೆಡ್ಡಿನ ಫೋಟೋ ತಾರೀಖಿನ ಸಮೇತ ತೆಗೆದಿಡಿ. 1985ರ ಕರ್ನಾಟಕದ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇರುವುದೇ ಇಂಥ ಜಾಗ ಉಳಿಸಲು. ದೂರಿನಲ್ಲಿ ಅದನ್ನು ಹೆಸರಿಸಿ.

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯವರ ಕಥೆ ನಿಮಗೆ ಧೈರ್ಯ ಕೊಡುತ್ತದೆ. ಅಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ನರ್ಸಿಂಗ್ ಹೋಂ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಡಲಾಗಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು. ಬಿಡಲಿಲ್ಲ, ವಿಭಾಗೀಯ ಪೀಠದಲ್ಲಿ ಗೆದ್ದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವೇ ನಿಂತಿತು. ಇವರಿಗೆ ಸ್ವಂತ ನಷ್ಟವೇನು, ಕೇಳಲು ಇವರು ಯಾರು ಎಂಬ ವಾದವೂ ಅಲ್ಲಿ ಬಂದಿತ್ತು. ಕೋರ್ಟ್ ಅದನ್ನು ಒಪ್ಪಲಿಲ್ಲ. ಬಡಾವಣೆಯಲ್ಲಿ ಬದುಕುವವರಿಗೆ ಅದರ ಪಾರ್ಕು ಉಳಿಸಿಕೊಳ್ಳುವ ಹಕ್ಕಿದೆ ಎಂದಿತು. ಆ ನಿವಾಸಿಗಳಲ್ಲಿ ಒಬ್ಬರ ಹೆಸರಿನಿಂದ ಇದನ್ನು ಮುದ್ದಪ್ಪ ಕೇಸ್ ಎಂದರೆ ಭೂಮಿ ಕೇಸು ನಡೆಸುವ ವಕೀಲರಿಗೆ ಗೊತ್ತಾಗುತ್ತದೆ. ಪಾರ್ಕು ಉಳಿಸುವ ಕೇಸುಗಳಲ್ಲಿ ಇವತ್ತಿಗೂ ಈ ತೀರ್ಪನ್ನು ಎತ್ತಿಹೇಳುತ್ತಾರೆ.

ಒಂದೇ ಮಾತು, ಒಬ್ಬರೇ ಸಹಿ ಹಾಕಬೇಡಿ. ಇಪ್ಪತ್ತು ಮನೆಯವರ ಸಹಿ ಇರಲಿ. ಒಬ್ಬರನ್ನು ಹೆದರಿಸಬಹುದು, ಇಪ್ಪತ್ತು ಮನೆಯನ್ನು ಹೆದರಿಸುವುದು ಕಷ್ಟ.

ಪ್ರಶ್ನೆ: ಬೇಸಿಗೆ ಬಂದರೆ ನಮ್ಮ ಪಾರ್ಕಿನ ಲಾನ್ ಒಣಗುತ್ತದೆ. ಚಂದಾ ಎತ್ತಿ ಟ್ಯಾಂಕರ್ ನೀರು ಹಾಕಿಸುತ್ತಿದ್ದೇವೆ. ಇದಕ್ಕೆ ಪರಿಹಾರ ಇದೆಯಾ? – ಹುಬ್ಬಳ್ಳಿಯ ಓದುಗರು

ಲಾನ್ ಕಡಿಮೆ ಮಾಡಿ. ಇದು ನಿಮಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಹೇಳಲೇಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಬೇಕಾಗಿ ಬಂತು. ಆ ಬೇಸಿಗೆಯಲ್ಲಿ ನಮ್ಮ ಲಾನ್ ಪೂರ್ತಿ ಹೋಯಿತು. ಹೊಂಗೆ, ಬೇವು, ನೇರಳೆಗೆ ಏನೂ ಆಗಲಿಲ್ಲ. ಮಳೆಗಾಲದಲ್ಲಿ ಲಾನ್ ಜಾಗದ ಅರ್ಧಕ್ಕೆ ಮತ್ತೆ ಹುಲ್ಲು ಹಾಕಲಿಲ್ಲ. ಮಣ್ಣಿನ ನೆಲವನ್ನು ಹಾಗೇ ಬಿಟ್ಟು ತರಗೆಲೆ ಗೊಬ್ಬರ ಹರಡಿದೆವು. ಮಕ್ಕಳು ಅಲ್ಲೇ ಜಾಸ್ತಿ ಆಡುತ್ತಾರೆ.

ಪಾರ್ಕಿನ ತಗ್ಗು ಕಡೆ ಒಂದು ಇಂಗುಬಾವಿ, ಅಂದರೆ ಮಳೆನೀರನ್ನು ನೆಲದೊಳಗೆ ಇಳಿಸುವ ಬಾವಿ, ತೋಡಿಸಿ. ಬಾವಿ ತೋಡುವುದು, ಹೂಳೆತ್ತುವುದು ಮಣ್ಣು ವಡ್ಡರಿಗೆ ತಲೆಮಾರಿನಿಂದ ಬಂದ ವಿದ್ಯೆ. ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಮತ್ತೆ ಜೀವ ಬಂದಿದ್ದು ಅವರ ಕೈಯಿಂದ. ಮರದ ಬುಡಕ್ಕೆ ಒತ್ತಿಕೊಂಡಂತೆ ಕಾಂಕ್ರೀಟು, ಟೈಲ್ಸ್ ಇದ್ದರೆ ಸುತ್ತ ಒಂದು ಮೀಟರಿನಷ್ಟು ಕೀಳಿಸಿ. ಬೇರಿಗೂ ಗಾಳಿ ಬೇಕು, ನೀರು ಬೇಕು.

ಪ್ರಶ್ನೆ: ಒಂದು ಕಂಪನಿಯವರು ಪಾರ್ಕನ್ನು ದತ್ತು ತೆಗೆದುಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದಾ? – ಮಂಗಳೂರಿನ ಓದುಗರು

ಒಪ್ಪಂದ ಪಾಲಿಕೆಯ ಜೊತೆ ಬರಹದಲ್ಲಿ ಆಗಲಿ. ಪ್ರವೇಶ ಶುಲ್ಕ ಇಲ್ಲ, ಗೇಟು ಎಲ್ಲರಿಗೂ ತೆರೆದಿರುತ್ತದೆ, ಮಾಲಿಯ ಸಂಬಳ ತಿಂಗಳು ತಿಂಗಳು ಬರುತ್ತದೆ, ಈ ಮೂರು ಅದರಲ್ಲಿ ಇದ್ದರೆ ಒಪ್ಪಿ. ಕಾರಂಜಿ, ಬಣ್ಣದ ದೀಪ, ಸೆಲ್ಫಿ ಪಾಯಿಂಟ್ ಅಂದರೆ ಬೇಡ ಅನ್ನಿ. ಮೂರನೇ ವರ್ಷಕ್ಕೆ ಕಾರಂಜಿ ಕೆಡುತ್ತದೆ, ನಿಂತ ನೀರಿನಲ್ಲಿ ಸೊಳ್ಳೆ ಆಗುತ್ತದೆ.

ಪ್ರಶ್ನೆ: ಅಜ್ಜಿ, ನಾನು 5ನೇ ಕ್ಲಾಸ್. ನಮ್ಮ ಪಾರ್ಕಿನಲ್ಲಿ "ಆಟ ಆಡಬಾರದು" ಅಂತ ಬೋರ್ಡ್ ಹಾಕಿದ್ದಾರೆ. ರಸ್ತೆಯಲ್ಲಿ ಆಡಿದರೆ ಕಾರಿನವರು ಬೈತಾರೆ. ನಾವು ಎಲ್ಲಿ ಆಡಬೇಕು? – ಬೆಂಗಳೂರಿನಿಂದ

ಪಾರ್ಕಿನಲ್ಲೇ ಆಡಬೇಕು ಪುಟ್ಟ. ಆ ಬೋರ್ಡ್ ಬರೆಸಿದ ದೊಡ್ಡವರಿಗೆ ನಾನು ಬೇರೆ ಬರೆಯುತ್ತೇನೆ. ನೀನೊಂದು ಕೆಲಸ ಮಾಡು. ನಿನ್ನ ಸ್ನೇಹಿತರನ್ನೆಲ್ಲ ಸೇರಿಸಿಕೊಂಡು ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯಿರಿ: ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಆಡುತ್ತೀರಿ, ಯಾವ ಕಡೆ, ಯಾವ ಚೆಂಡು. ನಮ್ಮ ಪಾರ್ಕಿನ ಮಕ್ಕಳು ಸಂಜೆ 4.30ರಿಂದ 6 ಅಂತ ಬರೆದರು, ಟೆನಿಸ್ ಚೆಂಡು ಮಾತ್ರ ಅಂತ ಬರೆದರು, ಚಿಕ್ಕ ಮಕ್ಕಳ ಜಾರುಬಂಡೆಯ ಕಡೆ ಹೊಡೆದರೆ ಔಟ್ ಅಂತ ಅವರೇ ನಿಯಮ ಮಾಡಿದರು. ಆ ಹಾಳೆ ಈಗಲೂ ನಮ್ಮ ನೋಟಿಸ್ ಬೋರ್ಡಿನಲ್ಲಿದೆ. ಹಾಳೆಯನ್ನು ಸಂಘದ ಅಧ್ಯಕ್ಷರ ಕೈಗೇ ಕೊಡಿ, ಎಲ್ಲರೂ ಒಟ್ಟಿಗೆ ಹೋಗಿ.

ಚೆಂಡು ಮರದಲ್ಲಿ ಸಿಕ್ಕಿಕೊಂಡರೆ ಕಲ್ಲು ಮಾತ್ರ ಎಸೆಯಬೇಡ. ಬೇಸಿಗೆಯಲ್ಲಿ ಕಾಗೆ ಗೂಡು ಕಟ್ಟಿರುತ್ತದೆ. ಮಾಲಿ ತಾತನ ಹತ್ತಿರ ಉದ್ದನೆಯ ದೋಟಿ ಇರುತ್ತದೆ, ಕೇಳು, ಕೊಡುತ್ತಾರೆ.