ಟೀಕೆಯಲ್ಲಿ ದೇಶಾಭಿಮಾನ ಹುಡುಕುವ ಮೊದಲು

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: "ಸರಕಾರವನ್ನು ಟೀಕಿಸಿದರೆ ದೇಶಾಭಿಮಾನ ಇಲ್ಲ ಅನ್ನುತ್ತಾರೆ. ಸರಕಾರವೇ ಸಂವಿಧಾನದಂತೆ ನಡೆಯುತ್ತಿದೆಯೋ ಇಲ್ಲವೋ ಎಂದು ನಮ್ಮಂಥವರು ಅಳೆಯುವುದು ಹೇಗೆ?"

ಮಾನ್ಯರೇ,

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಮಂತ್ರಿಗಳು ಪ್ರಮಾಣವಚನದಲ್ಲಿ ನಿಷ್ಠೆ ಹೇಳುವುದು ಸಂವಿಧಾನಕ್ಕೆ, ಪಕ್ಷಕ್ಕಲ್ಲ. ನಾಗರಿಕರ ಕರ್ತವ್ಯ ಹೇಳುವ 51ಎ ವಿಧಿಯೂ ಧ್ವಜ, ರಾಷ್ಟ್ರಗೀತೆಗಳಿಗಿಂತ ಮೊದಲು ಸಂವಿಧಾನವನ್ನೇ ಹೆಸರಿಸುತ್ತದೆ. ಅಂಕೋಲಾ, ಸಿದ್ದಾಪುರದ ರೈತರು 1932ರಲ್ಲಿ ಕರ ನಿರಾಕರಿಸಿ ಜಮೀನು ಕಳೆದುಕೊಂಡದ್ದು ಆಳುವವರನ್ನು ಎದುರು ಹಾಕಿಕೊಂಡೇ. ಅವರ ದೇಶಾಭಿಮಾನವನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರು ಅನುಮಾನಿಸುತ್ತಾರೆ?

ಅಳತೆಗೆ 243ಇ ವಿಧಿ ಹಿಡಿಯಿರಿ. ಸಂವಿಧಾನದ ಹಲವು ಮಾತುಗಳು ವಾದಕ್ಕೆ ಎಡೆಕೊಡುತ್ತವೆ, ಇದು ಕೊಡುವುದಿಲ್ಲ. ಪಂಚಾಯತದ ಅವಧಿ ಮೊದಲ ಸಭೆಯಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಪೂರ್ತಿಯಾಗಬೇಕು. ಕರ್ನಾಟಕದ ಜಿಲ್ಲಾ, ತಾಲೂಕು ಪಂಚಾಯತಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಸರಕಾರ ನೇಮಿಸಿದ ಆಡಳಿತಾಧಿಕಾರಿಗಳದೇ ಕಾರಭಾರ, ಅದೂ ಎರಡು ಬೇರೆ ಪಕ್ಷಗಳ ಸರಕಾರಗಳಲ್ಲಿ. ಜೋಯಿಡಾದ ಹಳ್ಳಿಯವರು ಕಾಲುಸಂಕ ಕೇಳಲು ಹಿಡಿದು ನಿಲ್ಲಿಸಬಹುದಾದ ಚುನಾಯಿತ ಸದಸ್ಯನೇ ಆ ಎರಡು ಮಟ್ಟಗಳಲ್ಲಿ ಇಲ್ಲದಾಯಿತು. ಇದು ನನ್ನ ದೃಷ್ಟಿಯಲ್ಲಿ ನೇರ ಉಲ್ಲಂಘನೆ.

ಕೆಟ್ಟದ್ದೆಲ್ಲಿ? 2021ರಲ್ಲಿ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಒಪ್ಪಿಸಲಾಯಿತು. ಗಡಿಯೂ ಮೀಸಲಾತಿ ಪಟ್ಟಿಯೂ ಅಂತಿಮವಾಗದೆ ಚುನಾವಣಾ ಆಯೋಗ ವೇಳಾಪಟ್ಟಿ ಹೊರಡಿಸಲಾರದು. ಹೀಗೆ "ತಯಾರಿ ನಡೆದಿದೆ" ಎನ್ನುತ್ತಲೇ ಗಡುವು ದಾಟಿಸಲು ಬರುತ್ತದೆ. ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ (2006, ಅದು ನಗರಸಂಸ್ಥೆಯದು) ಸುಪ್ರೀಂ ಕೋರ್ಟ್, ಗಲಭೆ ಅಥವಾ ಪ್ರಕೃತಿ ವಿಕೋಪದಂಥ ಅಸಾಧಾರಣ ಸ್ಥಿತಿಯ ಹೊರತು ಮುಂದೂಡಿಕೆ ಸಲ್ಲದು ಎಂದಿತ್ತು.

ಮಾಹಿತಿ ಹಕ್ಕಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೂ ರಾಜ್ಯ ಚುನಾವಣಾ ಆಯೋಗಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ವಿಷಯ ಒಂದೇ, 150 ಶಬ್ದದೊಳಗೆ. "ಯಾಕೆ ತಡ?" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಿರಸ್ಕರಿಸಬಹುದು. ಆಡಳಿತಾಧಿಕಾರಿ ನೇಮಕದ ಆದೇಶ, ಮೀಸಲಾತಿ ಅಧಿಸೂಚನೆ, ಇಲಾಖೆ ಮತ್ತು ಆಯೋಗದ ನಡುವಿನ ಪತ್ರಗಳು, ಇವುಗಳ ನಕಲು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಆ ಕಾಗದಗಳಿದ್ದರೆ 226ನೇ ವಿಧಿಯಡಿ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ (ಸರಕಾರಕ್ಕೆ ಆದೇಶ ಕೊಡಿ ಎಂಬ ಅರ್ಜಿ) ಹಾಕಬಹುದು. ಕಾಲಮಿತಿಯ ನಿರ್ದೇಶನವಷ್ಟನ್ನೇ ಕೇಳಿ, ಚುನಾವಣೆ ಘೋಷಣೆಗೆ ಮೊದಲೇ ಕೇಳಿ. ಆಮೇಲೆ, ಪಂಚಾಯತ ಚುನಾವಣೆಯಲ್ಲಿ ಕೋರ್ಟು ಕೈಹಾಕುವುದನ್ನು ತಡೆಯುವ 243ಒ ವಿಧಿ ಅಡ್ಡ ಬರುತ್ತದೆ. ಅಷ್ಟರೊಳಗೆ ಚುನಾವಣೆ ನಡೆಸಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಬಾಯಿಮಾತಿಗೆ ಬಿಡದೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿಯಿರುವ ನಕಲು ಕೈಗೆ ಬಂದ ಮೇಲೆಯೇ ಎದ್ದು ಬನ್ನಿ.

– ಸಂಪಾದಕ